ಎರಡು ಶಿಬಿರಗಳ ನಡುವಿನ ನಾಲ್ಕು ದಿನ

ಯಾವ ಬೇಸಿಗೆ ಶಿಬಿರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಡೋರೀನ್ ಪೆಲ್ಕಿ ಅಲ್ಲಿಂದ ಬರುವ ಕೊಳೆ ಬಟ್ಟೆ ನೋಡಿ ಹೇಳುತ್ತಿದ್ದಳು. ಶಿಬಿರದವರು ಅಚ್ಚು ಹಾಕಿಸುವ ಬಣ್ಣದ ಪುಸ್ತಿಕೆಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಎಲ್ಲದರಲ್ಲೂ ಅದೇ ದೋಣಿ, ಬೆಂಕಿಯ ಸುತ್ತ ಕುಳಿತ ಅದೇ ಮಕ್ಕಳು, ಮುಂದಿನ ಹಲ್ಲು ಬಿದ್ದು ನಗುತ್ತಿರುವ ಅದೇ ಹುಡುಗ. ಅವಳು ನೋಡತೊಡಗಿ ಹತ್ತೊಂಬತ್ತು ವರ್ಷವಾದರೂ ಆ ಹುಡುಗನಿಗೆ ಹಲ್ಲು ಬಂದಿರಲಿಲ್ಲ.

ಒಂಟಾರಿಯೋದ ಉತ್ತರಕ್ಕೆ ಅವಳ ಊರು. ಊರಿನ ಸರೋವರದ ಸುತ್ತ ನಾಲ್ಕು ಶಿಬಿರಗಳು. ಜುಲೈ, ಆಗಸ್ಟ್ ಎರಡು ತಿಂಗಳು ನಾಲ್ಕರ ಬಟ್ಟೆಯೂ ಒಗೆಯಲು ವಾರಕ್ಕೊಮ್ಮೆ ಅವಳ ಮನೆಯ ಹಿಂದಿನ ಶೆಡ್ಡಿಗೇ ಬಂದು ಬೀಳುತ್ತಿತ್ತು. ಮಗುವಿಗೊಂದು ಚೀಲ. ಚೀಲದ ಬಾಯಿಗೆ ಹೆಸರಿನ ಚೀಟಿ, ಒಳಗಿನ ಪ್ರತಿ ಬಟ್ಟೆಯ ಕೊರಳಲ್ಲೂ ತಾಯಿ ಕೈಯಾರೆ ಹೊಲಿದ ಹೆಸರಿನ ಪಟ್ಟಿ. ಕಾಲುಚೀಲವನ್ನೂ ಬಿಡದೆ ಪಟ್ಟಿ ಹೊಲಿಯಬೇಕೆಂಬುದು ಶಿಬಿರದ ನಿಯಮ. ಆ ನಿಯಮ ಮಾಡಿದವರು ಜೀವಮಾನದಲ್ಲಿ ಸೂಜಿ ಹಿಡಿದವರಲ್ಲ ಎಂದು ಡೋರೀನ್ ಪ್ರತಿ ವರ್ಷ ಒಮ್ಮೆಯಾದರೂ ಅನ್ನುತ್ತಿದ್ದಳು.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳು ಎಲ್ಲ ಶಿಬಿರದಲ್ಲೂ ಇರುತ್ತಾರೆ. ಒಳ್ಳೆಯ ಶಿಬಿರದಲ್ಲಿ ಆ ಬೆಡ್‌ಶೀಟು ಚೀಲದ ಮೇಲುಗಡೆ ಇರುತ್ತದೆ, ಯಾರೋ ದೊಡ್ಡವರು ಸುಮ್ಮನೆ ತೆಗೆದು ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ಕೆಟ್ಟ ಶಿಬಿರದಲ್ಲಿ ಅದು ತಳದಲ್ಲಿರುತ್ತದೆ. ಮುದುರಿ, ಸುತ್ತಿ, ಮೂರು ಪ್ಯಾಂಟುಗಳ ಕೆಳಗೆ. ಬೆಳಕು ಹರಿಯುವ ಮುಂಚೆ ಒಂದು ಮಗು ಒಂಟಿಯಾಗಿ ಎದ್ದು ಅದನ್ನು ಬಚ್ಚಿಟ್ಟಿದೆ ಎಂದು ಅರ್ಥ.

ಹೊರದೇಶದಲ್ಲಿ ಸಂಸಾರ ಹೂಡಿದ ತಾಯಂದಿರು ಅವಳನ್ನು ಹುಡುಕಿಕೊಂಡು ಬರಲು ಶುರುವಾದದ್ದು ಇದರಿಂದಲೇ. ಮೊದಲು ಬಂದವಳು ಲಾಗೋಸಿನಲ್ಲಿದ್ದ ಒಬ್ಬ ಹೆಂಗಸು. ಮಗನ ಕಳೆದುಹೋದ ಸ್ವೆಟರ್ ಕೇಳಲು ಶೆಡ್ಡಿನ ತನಕ ಬಂದಿದ್ದವಳು ಹೊರಡುವಾಗ ಸುಮ್ಮನೆ ಕೇಳಿದಳು. "ಮುಂದಿನ ವರ್ಷಾನೂ ಇದೇ ಕ್ಯಾಂಪಿಗೆ ಹಾಕ್ಲಾ?"

"ಬೇಡ. ದ್ವೀಪದ ಕ್ಯಾಂಪಿಗೆ ಹಾಕಿ."

"ಯಾಕೆ?"

"ಇಲ್ಲಿ ಒದ್ದೆ ಶೀಟು ಚೀಲದ ತಳದಲ್ಲಿರುತ್ತೆ. ಅಲ್ಲಿ ಮೇಲಿರುತ್ತೆ."

ಆ ಹೆಂಗಸು ಕೆಂಪಾದ ಮುಖ ತಿರುಗಿಸಿಕೊಂಡು ಕಾರು ಹತ್ತಿದಳು. ಮರುವರ್ಷ ಅವಳ ಮಗ ದ್ವೀಪದ ಶಿಬಿರದಲ್ಲಿದ್ದ, ಅವಳ ನಾಲ್ವರು ಗೆಳತಿಯರ ಮಕ್ಕಳೂ ಇದ್ದರು. ಮಾತು ಬಾಯಿಂದ ಬಾಯಿಗೆ ಜಕಾರ್ತಕ್ಕೆ ಹೋಯಿತು, ಅಬುಧಾಬಿಗೆ ಹೋಯಿತು, ಅಲ್ಮಾಟಿಗೆ ಹೋಯಿತು. ಜನವರಿಯಲ್ಲಿ ಸರೋವರ ಕಲ್ಲಿನ ಹಾಗೆ ಹೆಪ್ಪುಗಟ್ಟಿರುವಾಗ ಪತ್ರಗಳು ಬರತೊಡಗುತ್ತಿದ್ದವು. ಮಗಳು ಮಾತು ಕಡಿಮೆ, ಯಾವ ಕ್ಯಾಂಪು? ಮಗನಿಗೆ ನೀರೆಂದರೆ ಹೆದರಿಕೆ, ಯಾವ ಕ್ಯಾಂಪು? ಈ ದೇಶದ ಪಾಸ್‌ಪೋರ್ಟು ಬಿಟ್ಟರೆ ಈ ದೇಶದ್ದೇನೂ ಕೈಯಲ್ಲಿಲ್ಲದ ಮಕ್ಕಳು ಅವು. ಬೇಸಿಗೆಯಲ್ಲಾದರೂ ಇಲ್ಲಿನ ಸೊಳ್ಳೆ ಕಚ್ಚಿಸಿಕೊಳ್ಳಲಿ, ಇಲ್ಲಿನ ಮಕ್ಕಳ ಜೊತೆ ಜಗಳವಾಡಲಿ ಎಂಬ ಆಸೆ ತಾಯಂದಿರದು. ಊರೂರು ಅಲೆಸುವ ಕೆಲಸ ಅಪ್ಪಂದಿರದಾದರೆ, ಶಿಬಿರ ಹುಡುಕುವುದು, ಅರ್ಜಿ ತುಂಬುವುದು, ಚುಚ್ಚುಮದ್ದಿನ ಕಾಗದ ಹೊಂದಿಸುವುದು, ಕಾಲುಚೀಲಕ್ಕೆ ಪಟ್ಟಿ ಹೊಲಿಯುವುದು ಎಲ್ಲ ಅಮ್ಮಂದಿರದು. ಇಷ್ಟು ವರ್ಷದಲ್ಲಿ ಡೋರೀನಳಿಗೆ ಅಪ್ಪಂದಿರು ಬರೆದದ್ದು ಎರಡೇ ಪತ್ರ. ಒಬ್ಬನದು ಹೆಂಡತಿ ತೀರಿಕೊಂಡ ಸುದ್ದಿ. ಇನ್ನೊಬ್ಬ ತನ್ನ ಮಗನ ಷರ್ಟಿನ ಅಳತೆ ಎಷ್ಟು ಎಂದು ಕೇಳಿದ್ದ.

ಅರ್ಜಿಯಲ್ಲಿ ಒಂದು ಕಾಲಮ್ಮಿತ್ತು. ಮಗುವಿಗೆ ಹುಷಾರು ತಪ್ಪಿದರೆ ಎರಡು ಗಂಟೆಯೊಳಗೆ ಬಂದು ಮುಟ್ಟಬಲ್ಲವರ ಹೆಸರು. ಈ ದೇಶದಲ್ಲಿ ಅಂಥ ಒಬ್ಬರೂ ಉಳಿದಿರಲಿಲ್ಲ ಆ ತಾಯಂದಿರಿಗೆ. ಅವರು ಅಲ್ಲಿ ಡೋರೀನಳ ಹೆಸರು ಬರೆಯತೊಡಗಿದರು. 'ಸಂಬಂಧ' ಎಂದಿದ್ದ ಕಡೆ 'ಚಿಕ್ಕಮ್ಮ' ಎಂದು ಬರೆದರು. ಹೀಗೆ ಒಂದು ಬೇಸಿಗೆ ಅವಳು ಹದಿನೇಳು ಮಕ್ಕಳಿಗೆ ಚಿಕ್ಕಮ್ಮನಾಗಿದ್ದಳು.

ಜುಲೈ ಕೊನೆಗೆ ಮೊದಲ ಶಿಬಿರ ಮುಗಿದು ಎರಡನೆಯದು ಶುರುವಾಗುವ ನಡುವೆ ನಾಲ್ಕು ದಿನ ಬಿಡುವು. ಶಿಬಿರ ಬಾಗಿಲು ಹಾಕಿ ಗುಡಿಸಿ ತೊಳೆಯುತ್ತಿತ್ತು. ಉಳಿದ ಮಕ್ಕಳನ್ನು ಅಪ್ಪ ಅಮ್ಮ ಬಂದು ಕರೆದೊಯ್ಯುತ್ತಿದ್ದರು. ಎರಡೂ ಶಿಬಿರಕ್ಕೆ ಸೇರಿದ ಹೊರದೇಶದ ಮಕ್ಕಳು ಎಲ್ಲಿಗೆ ಹೋಗಬೇಕು? ಡೋರೀನಳ ಮನೆಗೆ. ಇದು ಯಾವ ಪುಸ್ತಿಕೆಯಲ್ಲೂ ಇರಲಿಲ್ಲ.

ಆ ನಾಲ್ಕು ದಿನ ಅವಳ ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಳಗ್ಗೆ ಪ್ಯಾನ್‌ಕೇಕಿನ ಮೇಲೆ ಮೇಪಲ್ ಪಾಕ, ಮಧ್ಯಾಹ್ನ ಬೇಯಿಸಿದ ಮೆಕ್ಕೆಜೋಳ, ಸಂಜೆ ಮ್ಯಾಕರೋನಿ. ಅವಳ ಗಂಡ ರಸ್ ಶಾಲೆಯ ಬಸ್ಸು ಓಡಿಸುತ್ತಿದ್ದ, ಬೇಸಿಗೆಯಲ್ಲಿ ರಜ. ರಜವೆಂದರೆ ಅವನು ದೋಣಿಯಲ್ಲಿ ಕುಳಿತು ಮೀನಿಗೆ ಗಾಳ ಹಾಕುವುದು. ಇಬ್ಬರು ಗಂಡುಮಕ್ಕಳೂ ಅದೇ ಊರಿನಲ್ಲಿ ಬೇರೆ ಮನೆ ಮಾಡಿದ್ದರು. ಭಾನುವಾರ ಬಂದು ಫ್ರಿಜ್ಜು ತೆರೆದು ನೋಡಿ, ಇದ್ದದ್ದನ್ನು ತಿಂದು ಹೋಗುತ್ತಿದ್ದರು. ಅಮ್ಮ ಹೇಗಿದ್ದಾಳೆ ಎಂಬುದನ್ನು ಅವರು ಫ್ರಿಜ್ಜಿನಿಂದಲೇ ತಿಳಿದುಕೊಳ್ಳುತ್ತಿದ್ದರೋ ಏನೋ.

ಮಾರೆನ್ ಹಾಲ್ವರ್ಸನ್ ಎಂಬ ಹುಡುಗಿ ಮೊದಲ ಸಲ ಬಂದಾಗ ಅವಳಿಗೆ ಎಂಟು ವರ್ಷ. ಅಬುಧಾಬಿಯಿಂದ ಬಂದವಳು. ಮೊದಲ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಒದ್ದೆ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು ಆ ಮಗು. ಡೋರೀನ್ ತಿರುಗಿ ನೋಡಿದಳು, ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು.

"ಮಷೀನು ಹೇಗೂ ಓಡ್ತಾ ಇದೆ. ಹಾಕಮ್ಮ."

ಅಷ್ಟೇ. ಅಂದಿನಿಂದ ಮಾರೆನ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಎತ್ತಿಕೊಡುವ ಕೆಲಸ ಹಿಡಿದಳು. ಜೊತೆಗೆ ಬಾಯಿ. ನಿಮ್ಮೂರು ಯಾವುದು ಎಂದು ಯಾರಾದರೂ ಕೇಳಿದರೆ ಅವಳು "ಯಾವ ವರ್ಷದ್ದು?" ಎಂದು ತಿರುಗಿ ಕೇಳುತ್ತಿದ್ದಳು. ತಮಾಷೆಗಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

ಒಂಬತ್ತನೆಯ ವರ್ಷದಲ್ಲಿ ಅವಳು ರಸ್‌ನನ್ನು ಹಿಡಿದುಕೊಂಡಳು. "ರಸ್ ಅಂಕಲ್, ನೀವ್ಯಾಕೆ ಬಟ್ಟೆ ಒಣಗಿ ಹಾಕಲ್ಲ?"

"ನಂಗೆ ಆ ಕ್ಲಿಪ್ ಹಾಕೋದೆಲ್ಲ ಬರಲ್ಲಮ್ಮ."

"ದೋಣಿಗೆ ಏಳು ಥರ ಗಂಟು ಹಾಕೋದು ಬರುತ್ತಲ್ಲ? ನಿನ್ನೆ ನೀವೇ ಹೇಳಿದ್ರಿ."

ಶೆಡ್ಡಿನೊಳಗೆ ಡೋರೀನಳ ಜೊತೆ ಕೆಲಸ ಮಾಡುವ ಎಡ್ನಾ ಬಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಸ್ ಆ ದಿನ ಟವೆಲುಗಳನ್ನು ಒಣಗಿ ಹಾಕಿದ. ಮುಂದೆಯೂ ಪ್ರತಿ ವರ್ಷ ಆ ನಾಲ್ಕು ದಿನ ಹಾಕುತ್ತಿದ್ದ. ಐದನೆಯ ದಿನ ಅವನಿಗೆ ಮತ್ತೆ ಮರೆತುಹೋಗುತ್ತಿತ್ತು.

ಸಂಜೆ ಐದಕ್ಕೆ, ಮಕ್ಕಳು ಹಿತ್ತಿಲಲ್ಲಿ ಕಿರುಚಾಡುತ್ತಿರುವಾಗ, ಡೋರೀನ್ ಅಡಿಗೆಮನೆ ಮೂಲೆಯ ಹಳೆ ಕಂಪ್ಯೂಟರಿನ ಮುಂದೆ ಕೂತು ಮಾರೆನಳ ತಾಯಿ ಜುಡಿತ್‌ಗೆ ಬರೆಯುತ್ತಿದ್ದಳು. ಇವತ್ತು ಎರಡು ಜೋಳದ ತೆನೆ ತಿಂದಳು. ಮೊಣಕಾಲು ತರಚಿದೆ, ಮುಲಾಮು ಹಚ್ಚಿದೆ. ಬೆಳಗ್ಗೆ ನಿಮ್ಮ ಫೋಟೋ ನೋಡಿ ಸ್ವಲ್ಪ ಹೊತ್ತು ಮಂಕಾಗಿದ್ದಳು, ಆಮೇಲೆ ಸರಿಹೋದಳು. ಜುಡಿತ್ ಮತ್ತು ಅವಳು ಎಂದೂ ಭೇಟಿಯಾದವರಲ್ಲ. ಗಂಡನಿಗೆ ಕೆಲಸದಿಂದ ರಜ ಸಿಕ್ಕರೆ ಜುಡಿತ್ ಬರಬೇಕು, ಸಿಕ್ಕಿರಲಿಲ್ಲ.

ನಾಲ್ಕು ಬೇಸಿಗೆ, ಬೇಸಿಗೆಗೆ ನಾಲ್ಕು ದಿನ. ಲೆಕ್ಕ ಹಾಕಿದರೆ ಹದಿನಾರೇ ದಿನ. ಉಳಿದ ವರ್ಷವೆಲ್ಲ ಡೋರೀನ್ ಆ ನಾಲ್ಕು ದಿನಗಳ ಕಡೆಗೆ ನಡೆಯುತ್ತಿದ್ದಳು. ಮಕ್ಕಳೆಲ್ಲ ಬೇಕಿತ್ತು ಅವಳಿಗೆ, ಆದರೆ ಬಕೆಟ್ಟಿನ ಮೇಲೆ ಕೂರುವವಳು ಒಬ್ಬಳೇ. ಡಿಸೆಂಬರಿನಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಾಗ ಅವಳು ಸಾಸಿವೆ ಬಣ್ಣದ ಉಣ್ಣೆ ತಂದು ಹನ್ನೆರಡು ವರ್ಷದ ಹುಡುಗಿಗೊಂದು ಸ್ವೆಟರ್ ಹೆಣೆದಳು. ಎಷ್ಟು ಬೆಳೆದಿರಬಹುದೆಂದು ಅಂದಾಜಿನಲ್ಲಿ ತೋಳು ಒಂದಿಷ್ಟು ಉದ್ದ ಬಿಟ್ಟಳು. ಜುಲೈಯಲ್ಲಿ ಶಿಬಿರ ಶುರುವಾದ ದಿನವೇ ಅದನ್ನು ಮಾರೆನಳಿಗೆ ಕಳಿಸಿಕೊಟ್ಟಳು.

ಈ ಬೇಸಿಗೆ, ಶಿಬಿರ ಶುರುವಾದ ವಾರವೇ, ದ್ವೀಪದ ಶಿಬಿರ ನಡೆಸುವ ಫೆನ್‌ವಿಕ್ ಮೇಡಂ ಫೋನು ಮಾಡಿದಳು.

"ಡೋರೀನ್, ಖುಷಿ ಸುದ್ದಿ. ಈ ಸಲದಿಂದ ನಡುವಿನ ನಾಲ್ಕು ದಿನ ಮಕ್ಕಳನ್ನ ನಾವೇ ಇಟ್ಕೋತೀವಿ. ದೋಣೀಲಿ ಆಚೆ ದ್ವೀಪಕ್ಕೆ ಕರ್ಕೊಂಡು ಹೋಗಿ ಡೇರೆ ಹಾಕ್ಸೋದು. ಬೇಡ ಅನ್ನೋರು ಮೊದಲಿನ ಹಾಗೇ ನಿಮ್ಮ ಮನೆಗೆ. ಅಪ್ಪ ಅಮ್ಮ ಮೂರನೇ ಶುಕ್ರವಾರದೊಳಗೆ ತಿಳಿಸ್ಬೇಕು, ಅಷ್ಟೆ."

"ಒಳ್ಳೇದೇ ಆಯ್ತಲ್ಲ," ಎಂದಳು ಡೋರೀನ್.

"ನಿಮಗೂ ಸ್ವಲ್ಪ ವಿಶ್ರಾಂತಿ."

"ಹೂಂ, ವಿಶ್ರಾಂತಿ."

ಫೋನಿಟ್ಟಾಗ ರಸ್ ಗಾಳದ ದಾರ ಬಿಡಿಸುತ್ತ ಕೂತಿದ್ದ. "ಪೀಡೆ ತೊಲಗ್ತು ಬಿಡೇ. ಆರು ಮಕ್ಕಳ ಊಟ, ಬಟ್ಟೆ. ಸೊಂಟ ಸೊಂಟ ಅಂತಿದ್ದೆ."

"ಸೊಂಟ ವರ್ಷದ ಮುನ್ನೂರ ಅರವತ್ತೊಂದು ದಿನಾನೂ ನೋಯುತ್ತೆ ಕಣೋ. ಆಗ ಯಾವ ಪೀಡೆ ತೊಲಗಿಸ್ತೀಯ?"

ಅವನು ದಾರದ ಇನ್ನೊಂದು ಗಂಟು ಬಿಡಿಸತೊಡಗಿದ.

ಉಳಿದ ಐವರ ತಾಯಂದಿರು ಎರಡೇ ದಿನದಲ್ಲಿ ಶಿಬಿರಕ್ಕೇ ಒಪ್ಪಿಗೆ ಕಳಿಸಿದರು. ಜುಡಿತ್ ಮಾತ್ರ ಡೋರೀನಳಿಗೆ ಬರೆದಳು. 'ಅವಳಿಗೆ ಯಾವುದು ಒಳ್ಳೆಯದು, ನೀವೇ ಹೇಳಿ. ಕೇಳಿದರೆ ಅವಳು ನನಗೆ ಖುಷಿಯಾಗುವ ಉತ್ತರ ಹೇಳುತ್ತಾಳೆ, ನಿಮಗೆ ಖುಷಿಯಾಗುವುದನ್ನೂ ಹೇಳುತ್ತಾಳೆ. ಅವಳು ಬೆಳೆದದ್ದೇ ಹಾಗೆ, ಹೋದ ಹೋದ ಊರಿನವರಿಗೆ ಹೊಂದಿಕೊಂಡು. ನೀವು ಹೇಳಿದ ಹಾಗೆ ಮಾಡುತ್ತೇನೆ.'

ಡೋರೀನ್ ಆ ಪತ್ರಕ್ಕೆ ಉತ್ತರ ಕೊಡಲಿಲ್ಲ. ಒಂದು ದಿನ, ಎರಡು ದಿನ, ವಾರ. ಮನಸ್ಸಿನಲ್ಲಿ ಮಾತ್ರ ದಿನಕ್ಕೆ ಹತ್ತು ಸಲ ಬರೆದಳು. ಮೂರೂವರೆ ವಾರ ಓಡಾಡಿದ ಮಗುವಿಗೆ ನಾಲ್ಕು ದಿನ ನಿದ್ದೆ ಬೇಕು. ಹೋದ ವರ್ಷ ಕಿವಿ ನೋವು ಬಂದಿತ್ತು, ಡೇರೆಯ ತಂಡಿ ಆಗುವುದಿಲ್ಲ. ಒಂದೂ ಸುಳ್ಳಲ್ಲ. ಅದೇ ಅವಳಿಗೆ ಕಷ್ಟವಾಗಿದ್ದು. ಸುಳ್ಳಾಗಿದ್ದರೆ ತನ್ನನ್ನು ತಾನು ಹಿಡಿದುಹಾಕುವುದು ಸುಲಭವಾಗುತ್ತಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದಳು. ದ್ವೀಪದ ಶಿಬಿರದ ಚೀಲಗಳನ್ನು ಎಡ್ನಾಳ ಕಡೆಗೆ ತಳ್ಳಿ, ಬೇರೆ ಶಿಬಿರಗಳದ್ದನ್ನು ತಾನು ಇಟ್ಟುಕೊಂಡಳು. ಎರಡು ವಾರ ಎಡ್ನಾ ಸುಮ್ಮನಿದ್ದಳು. ಮೂರನೆಯ ಗುರುವಾರ ಚೀಲಗಳು ಬಂದಾಗ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏನೇ, ದ್ವೀಪದೋರ ಬಟ್ಟೆ ನಿಂಗೆ ಕಚ್ಚುತ್ತಾ?"

"ಮೇಜು ಆ ಕಡೆ ಇದೆಯಲ್ಲ, ನಿಂಗೆ ಹತ್ರ ಅಂತ."

"ಹತ್ತೊಂಬತ್ತು ವರ್ಷದಿಂದ ಮೇಜು ಅಲ್ಲೇ ಇದೆ. ನಾಳೆ ಶುಕ್ರವಾರ. ಆ ಹುಡುಗಿ ಅಮ್ಮಂಗೆ ಬರೆದ್ಯಾ?"

"ಬರೀತೀನಿ. ಕಿವಿ ನೋವಿನ ವಿಷಯ ಬರೀಬೇಕು."

"ಕಿವಿ ನೋವು ಹುಡುಗೀಗಾ, ನಿಂಗಾ? ಮೊದಲು ಚೀಲ ಬಿಚ್ಚು. ಊರೋರ ಮಕ್ಕಳದ್ದೆಲ್ಲ ಚೀಲ ನೋಡಿ ಹೇಳ್ತೀಯ, ಇದೊಂದನ್ನ ಕಣ್ಣು ಮುಚ್ಕೊಂಡು ಹೇಳ್ತೀಯಾ?"

ಎಡ್ನಾ ಹೇಳಿದ್ದು ಒದ್ದೆ ಶೀಟಿನ ಮಾತಲ್ಲ. ಅದು ಮಾರೆನಳಿಗೆ ಎರಡು ವರ್ಷದ ಹಿಂದೆಯೇ ನಿಂತುಹೋಗಿತ್ತು. ಚೀಲದಿಂದ ತಿಳಿಯುವ ಇನ್ನೊಂದು ಸಂಗತಿಯಿತ್ತು. ಅದನ್ನು ಡೋರೀನ್ ಕಲಿತದ್ದು ತಪ್ಪು ಮಾಡಿ. ಈ ಕೆಲಸಕ್ಕೆ ಇಳಿದ ಮೊದಲ ಬೇಸಿಗೆ, ಚೀಲಗಳಲ್ಲಿ ಬೇರೆ ಬೇರೆ ಹೆಸರಿನ ಬಟ್ಟೆ ಕಲಬೆರಕೆಯಾಗಿರುವುದನ್ನು ನೋಡಿ, ಮಕ್ಕಳ ಅಜಾಗರೂಕತೆಗೆ ಬೈದುಕೊಂಡು, ಕೊರಳ ಪಟ್ಟಿ ಓದಿ ಓದಿ ಪ್ರತಿಯೊಂದನ್ನೂ ಅದರ ಒಡತಿಯ ಚೀಲಕ್ಕೆ ಸೇರಿಸಿ ಕಳಿಸಿದ್ದಳು. ಅರ್ಧ ದಿನ ಹೆಚ್ಚಿಗೆ ಕೂತು ಮಾಡಿದ ಕೆಲಸ, ಹೆಮ್ಮೆಯಿತ್ತು. ಮರುದಿನ ಶಿಬಿರದಿಂದ ಫೋನು. ಹುಡುಗಿಯರು ಅಳುತ್ತಿದ್ದಾರೆ, ಇಬ್ಬರು ಊಟ ಬಿಟ್ಟಿದ್ದಾರೆ. ಅವರು ಬೇಕೆಂದೇ ಷರ್ಟು ಬದಲಾಯಿಸಿಕೊಂಡಿದ್ದರು. ನೀನು ನನ್ನದು ತೊಡು, ನಾನು ನಿನ್ನದು ತೊಡುತ್ತೇನೆ, ಶಿಬಿರ ಮುಗಿಯುವ ತನಕ. ಡೋರೀನ್ ಇಪ್ಪತ್ತು ಗೆಳೆತನಗಳನ್ನು ಒಗೆದು ಮಡಿಸಿ ವಾಪಸು ಕಳಿಸಿದ್ದಳು. ಆಮೇಲೆ ಅವಳು ಚೀಲಕ್ಕೆ ಬಂದದ್ದನ್ನು ಅದೇ ಚೀಲಕ್ಕೆ ಹಾಕುವುದನ್ನು ಕಲಿತಳು. ಯಾವ ಮಗುವಿನ ಚೀಲದಲ್ಲಿ ತನ್ನ ಬಟ್ಟೆಯಷ್ಟೇ ಅಚ್ಚುಕಟ್ಟಾಗಿ ಇರುತ್ತದೋ ಆ ಮಗುವಿಗೆ ಅಲ್ಲಿ ಯಾರೂ ಇಲ್ಲ ಎಂಬುದನ್ನೂ. ಮಾರೆನಳ ಚೀಲ ನಾಲ್ಕು ಬೇಸಿಗೆಯೂ ಅಚ್ಚುಕಟ್ಟಾಗಿಯೇ ಬಂದಿತ್ತು.

ಡೋರೀನ್ ಈ ವಾರದ ಅವಳ ಚೀಲವನ್ನು ಮೇಜಿನ ಮೇಲೆ ಕೊಡವಿದಳು. ಮೊದಲ ಷರ್ಟಿನ ಕೊರಳು ತಿರುಗಿಸಿದಳು. ಪಿಲಾರ್ ಎಂದಿತ್ತು. ಮುಂದಿನದು ಒಟ್ಟಿಲಿ. ಪ್ಯಾಂಟು ಮತ್ತೆ ಪಿಲಾರಳದು. ಒಂದು ಕಾಲುಚೀಲ ಸನ್‌ಹೀ, ಅದರ ಜೋಡಿ ಯಾವುದೋ ರೋವನ್. ಮಾರೆನ್ ಎಂದಿದ್ದದ್ದು ಎರಡು ಒಳಉಡುಪು ಮತ್ತು ಒಂದು ಟವೆಲು, ಅಷ್ಟೇ.

"ಅಯ್ಯಯ್ಯೋ," ಎಂದಳು ಎಡ್ನಾ. "ಇವಳದ್ದು ಅಂತ ಮೈಮೇಲೆ ಏನಾದ್ರೂ ಉಳಿದಿದ್ಯಾ?"

ಡೋರೀನ್ ನಗಲು ಹೋದಳು. ಅಷ್ಟರಲ್ಲಿ ಎಡ್ನಾ ಪಕ್ಕದ ಚೀಲ ಬಿಚ್ಚಿ, ಸಾಸಿವೆ ಬಣ್ಣದ್ದೊಂದನ್ನು ಹೊರಗೆಳೆದು, ಹಾಗೇ ನಿಂತುಬಿಟ್ಟಳು. ಪಿಲಾರಳ ಚೀಲದಲ್ಲಿತ್ತು ಆ ಸ್ವೆಟರ್. ಮೊಣಕೈಗೆ ಕಟ್ಟಿಗೆಯ ಮಸಿ, ಎದೆಗೆ ಸುಟ್ಟ ಸಕ್ಕರೆಯ ಅಂಟು. ಉದ್ದ ಬಿಟ್ಟ ತೋಳನ್ನು ಯಾರೋ ಎರಡು ಮಡಿಕೆ ಮಡಚಿದ್ದರು. ಪಿಲಾರ್ ಚಿಕ್ಕ ಹುಡುಗಿ ಇರಬೇಕು.

"ನೀನು ಹೆಣೆದಿದ್ದನ್ನೇ ಕೊಟ್ಟುಬಿಟ್ಟಿದಾಳಲ್ಲೇ. ಬಂದು ಮೂರು ವಾರ ಆಗಿಲ್ಲ. ಕೃತಘ್ನ ಮುಂಡೇದು!"

"ಹಾಗನ್ಬೇಡ." ಡೋರೀನ್ ಸ್ವೆಟರನ್ನು ಅವಳ ಕೈಯಿಂದ ತೆಗೆದುಕೊಂಡಳು. "ಇಷ್ಟ ಇಲ್ದೇ ಇರೋದನ್ನ ಯಾರೂ ಬದಲಾಯಿಸ್ಕೊಳ್ಳಲ್ಲ ಎಡ್ನಾ. ಇದ್ದಿದ್ರಲ್ಲಿ ಒಳ್ಳೇದನ್ನೇ ಕೊಟ್ಟಿರ್ತಾಳೆ."

"ಕಣ್ಣಲ್ಲಿ ನೀರ್ಯಾಕೆ ಮತ್ತೆ?"

"ಸೋಪು."

"ಸೋಪಿನ್ನೂ ಹಾಕಿಲ್ಲ," ಎಂದಳು ಎಡ್ನಾ. ಆಮೇಲೆ ಉಳಿದ ಚೀಲಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಳು.

ಮಷೀನಿಗೆ ಹಾಕಿದರೆ ಉಣ್ಣೆ ಕುಗ್ಗುತ್ತದೆ. ಡೋರೀನ್ ತೊಟ್ಟಿಯಲ್ಲಿ ತಣ್ಣೀರು ತುಂಬಿ ಸ್ವೆಟರನ್ನು ಕೈಯಲ್ಲೇ ಅದ್ದಿ ಅದ್ದಿ ತೊಳೆದಳು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿದಳು, ನೆರಳಿನಲ್ಲಿ ಒಣಗಲು ಹರಡಿದಳು. ಒಣಗಿದ ಮೇಲೆ ಅದು ಪಿಲಾರಳ ಚೀಲಕ್ಕೇ ಹೋಗಬೇಕು. ಐದು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತು ಬರೆದಳು. 'ಜುಡಿತ್, ಅವಳು ಶಿಬಿರದಲ್ಲೇ ಇರಲಿ. ಅವಳ ಚೀಲದಲ್ಲಿ ನಾಲ್ಕು ಹುಡುಗಿಯರ ಬಟ್ಟೆಯಿದೆ.' ಓದಿ ನೋಡಲಿಲ್ಲ. ಓದಿದರೆ ಕಿವಿ ನೋವಿನ ಮಾತು ಎಲ್ಲಾದರೂ ನುಸುಳೀತು ಎಂದು ಹಾಗೇ ಕಳಿಸಿಬಿಟ್ಟಳು.

ಮರುದಿನ ಉತ್ತರ ಬಂತು. 'ನಾಲ್ಕು ಹುಡುಗಿಯರು ಎಂದು ಓದಿ ನಾನು ಕಾರಿನಲ್ಲಿ ಕೂತು ಅತ್ತೆ. ಏಳು ವರ್ಷದಲ್ಲಿ ಮೂರು ಶಾಲೆ ಬದಲಾಯಿಸಿದ ಮಗು ಅದು. ಶಿಬಿರಕ್ಕೆ ಹೂಂ ಎಂದು ತಿಳಿಸಿದ್ದೇನೆ. ಆದರೆ ಡೋರೀನ್, ನಿಮಗೊಂದು ಹೇಳಬೇಕು. ಅವಳ ಬೇಸಿಗೆಯಲ್ಲಿ ನನಗೆ ಸಿಗುತ್ತಿದ್ದದ್ದು ಆ ನಾಲ್ಕು ದಿನ ಮಾತ್ರ. ಶಿಬಿರದವರು ಫೋಟೋ ಹಾಕುತ್ತಾರೆ, ಎಲ್ಲದರಲ್ಲೂ ನಗುತ್ತಿರುತ್ತಾಳೆ. ಮಂಕಾಗಿದ್ದಳು ಎಂದು ಬರೆಯುತ್ತಿದ್ದವರು ನೀವೊಬ್ಬರೇ. ಈ ಸಲ ರಾತ್ರಿ ನಾನು ಏನು ಓದಲಿ? ನಿಮ್ಮ ಬಗ್ಗೆಯೇ ಬರೆಯಿರಿ. ನೀವು ಏನು ತಿಂದಿರಿ, ಹೇಗೆ ಮಲಗಿದಿರಿ. ಐದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲವಲ್ಲ.'

ನಾಲ್ಕು ದಿನಗಳ ಮೊದಲ ದಿನ ಬಂತು. ಬೆಳಗ್ಗೆ ಅಭ್ಯಾಸಬಲದಿಂದ ಡೋರೀನ್ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕಲಸಿದಳು. ಕಲಸಿದ ಮೇಲೆ ನೋಡಿ, ಅರ್ಧವನ್ನು ಎಡ್ನಾಳ ಮನೆಗೆ ಕಳಿಸಿದಳು. ರಸ್ ತಿಂದು ದೋಣಿಗೆ ಹೋದ. ಟವೆಲುಗಳು ತಂತಿಯ ಕೆಳಗೆ ಬುಟ್ಟಿಯಲ್ಲಿ ಇದ್ದಲ್ಲೇ ಇದ್ದವು. ಮಧ್ಯಾಹ್ನ ಅವಳು ದೋಣಿಕಟ್ಟೆಯ ತನಕ ನಡೆದುಹೋದಳು. ಆಚೆ ದ್ವೀಪದ ಕಡೆ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ಕಿತ್ತಳೆ ಬಣ್ಣದ ತೇಲುಕವಚ ತೊಟ್ಟ ಮಕ್ಕಳಲ್ಲಿ ಯಾರು ಯಾರೆಂದು ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಹಾಡು ಮಾತ್ರ ಗಾಳಿ ಬಂದಾಗ ಒಂದೊಂದು ತುಂಡಾಗಿ ಕೇಳುತ್ತಿತ್ತು. ಅವಳು ಹದಿನಾಲ್ಕನೇ ವಯಸ್ಸಿನಲ್ಲಿ ಇದೇ ಶಿಬಿರದ ಅಡಿಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಈ ಹಾಡುಗಳನ್ನೆಲ್ಲ ಕಲಿತಿದ್ದಳು. ಕೆಲಸದವರು ನೀರಿಗಿಳಿಯಲು ರಾತ್ರಿ ಊಟದ ಪಾತ್ರೆಯೆಲ್ಲ ತೊಳೆದಾದ ಮೇಲೆ ಅಪ್ಪಣೆಯಿತ್ತು. ಆ ಹೊತ್ತಿಗೆ ಕಾಲು ನಿಲ್ಲುತ್ತಿರಲಿಲ್ಲ.

ಐದು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತಳು. ಎರಡು ಪ್ಯಾನ್‌ಕೇಕ್ ತಿಂದೆ ಎಂದು ಬರೆದಳು. ನಿಂತುಕೊಂಡೇ ತಿಂದೆ ಎಂದು ಸೇರಿಸಿದಳು. ನಿದ್ದೆ ಅಷ್ಟಕ್ಕಷ್ಟೆ, ಸೊಂಟ ನೋವು. ಇದನ್ನೆಲ್ಲ ಯಾರಾದರೂ ಓದುತ್ತಾರೆಯೇ ಎಂದು ಅಳಿಸಲು ಹೊರಟು, ಓದುವವರು ಕಾಯುತ್ತಿದ್ದಾರೆ ಎಂಬುದು ನೆನಪಾಗಿ ಬಿಟ್ಟಳು. ಅಬುಧಾಬಿಯಲ್ಲಿ ಈಗ ನಡುರಾತ್ರಿ ದಾಟಿರುತ್ತದೆ. ಹೊರಗೆ ರಸ್‌ನ ದೋಣಿಯ ಸದ್ದು, ಆಮೇಲೆ ಅವನ ಕೂಗು.

"ಡೋರೀನ್! ಊಟಕ್ಕೇನು?"

"ಮೀನು ಹಿಡ್ಕೊಂಡು ಬಂದಿದೀಯಲ್ಲ?"

"ಹೂಂ, ಮೂರು."

"ಹಾಗಾದ್ರೆ ಮೀನು. ನೀನೇ ಹುರಿ. ನಾನು ಕಾಗದ ಬರೀತಾ ಇದೀನಿ."

ರಸ್ ಮೀನು ಹಿಡಿದುಕೊಂಡು ಒಳಗೆ ಬಂದು ಕಪಾಟು ತೆರೆದ. ಆಮೇಲೆ ಬಾಣಲೆ ಯಾವುದು, ಎಲ್ಲಿದೆ ಎಂಬ ಗೊಣಗಾಟ ಶುರುವಾಯಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಪರದೆಯ ಮೇಲೆ ಇದುವರೆಗೆ ಬರೆದದ್ದನ್ನು ಒಮ್ಮೆ ನೋಡಿದಳು. ಅದರ ಕೆಳಗೆ, ಹತ್ತೊಂಬತ್ತು ವರ್ಷದಲ್ಲಿ ಯಾವ ತಾಯಿಗೂ ಬರೆಯದ ಮಾತೊಂದನ್ನು, ಒಂದೊಂದೇ ಅಕ್ಷರ ಒತ್ತಿ ಬರೆದಳು.

'ಇವತ್ತು ನನಗೆ ಅವಳು ಇಲ್ಲಿರಬೇಕಿತ್ತು.'